ಎರಡು ಸೈಜ್ ದೊಡ್ಡದು

ಬರೆದಿಟ್ಟುಕೊಳ್ಳಿ ಸ್ವಾಮಿ, ಬೂಟಂಗಡಿಯಲ್ಲಿ ಅಮ್ಮನ ಎದುರು ಗೆದ್ದ ಗಂಡು ಈ ಭೂಮಿ ಮೇಲೆ ಒಬ್ಬನೇ, ನಮ್ಮ ಮಿಥುನ!

ಪ್ರತಿ ವರ್ಷ ಅಮ್ಮ ಅವನಿಗೆ ಎರಡು ಸೈಜ್ ದೊಡ್ಡ ಫುಟ್‌ಬಾಲ್ ಬೂಟು ಕೊಡಿಸಿ, ತುದಿಗೆ ಹತ್ತಿ ತುರುಕುತ್ತಿದ್ದಳು. "ಬೆಳೆಯೋ ಕಾಲು, ಮುಂದಿನ ವರ್ಷಕ್ಕೂ ಬರ್ಲಿ" ಎನ್ನುತ್ತಿದ್ದಳು. ಕಳೆದ ಸಲ ಪೆನಾಲ್ಟಿ ಹೊಡೆದಾಗ ಬಾಲಿಗಿಂತ ಮೊದಲು ಬೂಟೇ ಗೋಲಿಗೆ ಹೋಗಿತ್ತು.

ಈ ಸಲ ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದಿದ್ದರು. ಡಾಕ್ಟರು ಅವನನ್ನು ಹೊರಗೆ ಕೂರಿಸಿ ಅಮ್ಮನ ಜೊತೆ ಮಾತಾಡಿದ್ದರು. "ಬರೀ ವೀಕ್ನೆಸ್ ಅಂತೆ ಕಣೋ" ಎಂದಿದ್ದಳು ಅಮ್ಮ.

"ನೋಡಮ್ಮಾ, ಹೀರೋ ಎಂಟ್ರಿ ಕೊಡೋವಾಗ ಬೂಟು ಕಳಚಿ ಬಿದ್ರೆ ವಿಲನ್ನೇ ಅಯ್ಯೋ ಪಾಪ ಅಂತಾನೆ. ಈ ಸಲ ನನ್ನ ಸೈಜೇ!" ಎಂದು ಮಿಥುನ ತೊಡೆ ತಟ್ಟಿದ.

ಅಂಗಡಿಯವನು ನಕ್ಕ. "ಪ್ರತಿ ಸಲದ ಹಾಗೆ ಎರಡು ಸೈಜ್ ದೊಡ್ಡದು ತಾನೇ ಅಕ್ಕಾ?"

"ಬೇಡಪ್ಪ." ಅಮ್ಮ ಬೇರೆ ಕಡೆ ನೋಡುತ್ತಾ ಹೇಳಿದಳು, "ಈಗಿನ ಕಾಲಿಗೆ ಸರಿಯಾಗೋದೇ ಕೊಡು."

ಬೂಟು ಅಚ್ಚುಕಟ್ಟಾಗಿ ಕೂತಿತು. ಮಿಥುನ ಅಮ್ಮನ ಮುಖ ನೋಡಿದ.

ಗೆದ್ದ ಅಂದೆನಲ್ಲ, ಅದು ಸುಳ್ಳು. ಅವನು ಬೂಟು ಬಿಚ್ಚಿಟ್ಟು, "ದೊಡ್ಡದೇ ಕೊಡ್ಸಮ್ಮಾ, ಮುಂದಿನ ವರ್ಷಕ್ಕೂ ಬರ್ಲಿ" ಅಂದ.