ಎಣ್ಣೆ ಇಳಿಯುವ ತನಕ

ಇಂಜಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಮಹಾರಾಜರ ಕಾಲದ ಮಧುಗಿರಿಯ ನಮ್ಮ ಹಿಟ್ಟಿನ ಗಿರಣಿ ನೆನಪಾಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ಗಿರಣಿ ನೋಡಿಕೊಂಡ ದೊಡ್ಡಪ್ಪ, ಎಣ್ಣೆಯಿಲ್ಲದೆ ಓಡಿಸಿ ಡೀಸೆಲ್ ಇಂಜಿನ್ನಿನ ಬೇರಿಂಗ್ ಸುಟ್ಟಿದ್ದರು. ಮಾರಿಬಿಡೋಣ ಎಂದಾಗ ಅಮ್ಮ ಒಪ್ಪಲಿಲ್ಲ. ಶಿರಾದಿಂದ ಮೇಸ್ತ್ರಿಯನ್ನು ಕರೆಸಿ, ಪೂರ್ತಿ ಬಿಚ್ಚಿಸಿ ಹೊಸದಾಗಿ ಕಟ್ಟಿಸಿದಳು. ತಾನೂ ಪಕ್ಕದಲ್ಲಿ ಕೂತು ಕಲಿತಳು.

ಮೊದಲ ಸಲ ಚಾಲೂ ಮಾಡುವ ಮಧ್ಯಾಹ್ನ ದೊಡ್ಡಪ್ಪ ಹಾರ ಹಿಡಿದು ಬಂದರು.

"ಗಂಡ ಸತ್ತೋಳು ಮುಟ್ಬಾರ್ದು ಕಣಮ್ಮ, ಆಚೆ ನಿಂತ್ಕೊ. ರಾಹುಕಾಲ ಬಂದ್ಬುಡ್ತದೆ, ಬೇಗ ಸುರು ಮಾಡ್ಸಾನ."

ಅಮ್ಮ ಕದಲಲಿಲ್ಲ. ಅವಳು ಜೇನಿನಂಥ ಮಂದ ಎಣ್ಣೆಯನ್ನು ಒಳಗೆ ಸುರಿಯುತ್ತಿದ್ದಳು. ನಾನು ಎರಡೂ ಕೈಯಿಂದ ತಣ್ಣನೆಯ ಕಬ್ಬಿಣದ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಿದ್ದೆ.

"ಒಳ್ಗೆ ಇನ್ನೂ ಒಣಗ್ಕೊಂಡೇ ಅದೆ ಭಾವ. ಎಣ್ಣೆ ಎಲ್ಲಾ ಕಡೆ ಇಳಿಯೋಗಂಟ ಸುರು ಮಾಡಾಕಿಲ್ಲ."

"ಗಳಿಗೆ ಮೀರ್ತಾ ಅದೆ!"

"ಮೀರ್ಲಿ. ಹೋದ್ಸಲ ಸುಟ್ಟಿದ್ದು ನಿಮ್ಮ ಒಳ್ಳೆ ಗಳಿಗೇಲೇ ಅಲ್ವಾ?"

ದೊಡ್ಡಪ್ಪ ಹಾರವನ್ನು ಮೂಟೆಯ ಮೇಲೆ ಎಸೆದು ಹೊರಟುಹೋದರು. ರಾಹುಕಾಲ ಶುರುವಾಯಿತು. ನಾನು ಚಕ್ರ ತಿರುಗಿಸುತ್ತಲೇ ಇದ್ದೆ. ಕೊನೆಗೆ ಬೇರಿಂಗಿನ ಅಂಚಿನಲ್ಲಿ ಎಣ್ಣೆ ಜಿನುಗಿತು. ಅಮ್ಮ ಅದನ್ನು ಬೆರಳಿಂದ ಮುಟ್ಟಿ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹ್ಯಾಂಡಲ್ ಹಿಡಿದು ಜೋರಾಗಿ ತಿರುಗಿಸಿದಳು. ಇಂಜಿನ್ ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಗುಡುಗುಡು ಎಂದು ಓಡತೊಡಗಿತು.

ರಾಗಿ ಹೊತ್ತು ಬಂದಿದ್ದ ಹೆಂಗಸರು ಅಂಜಿ ಬಾಗಿಲಲ್ಲೇ ನಿಂತಿದ್ದರು. ಅಮ್ಮ ಆ ಸದ್ದನ್ನೂ ಮೀರಿ ಕೂಗಿದಳು:

"ರಾಹುಕಾಲದಾಗೆ ನಿಮ್ ಮಕ್ಕಳಿಗೆ ಹೊಟ್ಟೆ ಹಸಿಯಾಕಿಲ್ವೇನ್ರೇ? ತನ್ನಿ ರಾಗಿಯ!"