ದೋಷಕ್ಕೆ ಕಾರಣ

ಥೂ! ಹನುಮಕ್ಕ ಮುಖ ಹಿಂದಕ್ಕೆ ಎಳೆದುಕೊಂಡಳು. ಕಂಪ್ಯೂಟರ್ ಪೆಟ್ಟಿಗೆಯ ಬೆನ್ನಿಗೆ ಟಾರ್ಚ್ ಬಿಟ್ಟು, ನೆಟ್ ಕೇಬಲ್ ಸಿಕ್ಕಿಸುವ ತೂತಿಗೆ ಮೂಗು ಹತ್ತಿರ ತಂದದ್ದೇ ತಪ್ಪಾಗಿತ್ತು. ಒಳಗಿನ ಸಣ್ಣ ಹಲ್ಲುಗಳು ಹಸಿರುಗಟ್ಟಿದ್ದವು. ಗಬ್ಬುನಾತ. ಉಚ್ಚೆಯ ನಾತ.

"ಇಲಿ ಉಚ್ಚೆ ಹುಯ್ದೈತೆ ಮೇಡಂ."

"ನಮ್ಮನೇಲಿ ಇಲಿ ಎಲ್ಲೈತಮ್ಮ?" ರಾಜಲಕ್ಷ್ಮಮ್ಮ ಬಾಗಿಲ ಬಳಿಯಿಂದಲೇ ನಕ್ಕರು. "ಸ್ಕೂಲಿಂದ ರಿಟೈರಾದ್ಮೇಲೆ ನಂಗಿರೋದೇ ಇದೊಂದು ಕೆಲ್ಸ, ಮನೆ ಚೊಕ್ಕಟವಾಗಿ ಇಟ್ಕೊಳೋದು."

ಅದು ನಿಜವೇ. ಶಿರಾದಲ್ಲಿ ಹನುಮಕ್ಕ ನೆಟ್ ರಿಪೇರಿಗೆ ಹೋಗುವ ಮನೆಗಳಲ್ಲಿ ಇಷ್ಟು ಚೊಕ್ಕಟವಾದದ್ದು ಇನ್ನೊಂದಿರಲಿಲ್ಲ. ಬಾಗಿಲ ಪಕ್ಕದ ಕಂಚಿನ ಚೊಂಬು ಕೂಡ ಫಳಫಳ ಹೊಳೆಯುತ್ತಿತ್ತು. ಇಂಥ ಮನೆಯ ಹೊಟ್ಟೆಯೊಳಗೆ ಇಂಥ ಕೊಳಕು!

ಒಂಬತ್ತು ದಿನಗಳಲ್ಲಿ ಇದು ನಾಲ್ಕನೇ ಭೇಟಿ. ಮೊದಲ ಸಲ ಬ್ರೌಸರ್ ತುಂಬ ಬೇಡದ ಕಸ ಸೇರಿತ್ತು. ಗುಡಿಸಿ ಹಾಕಿದಳು, ಪುಟಗಳು ಸರಸರ ತೆರೆದುಕೊಂಡವು. ಮಾರನೇ ದಿನವೇ ಕೀಬೋರ್ಡಿನ ಅರ್ಧ ಅಕ್ಷರ ಸತ್ತು, ವಿಳಾಸ ಬರೆಯಲಿಕ್ಕೇ ಆಗದೆ ಮತ್ತೆ ಕರೆ ಬಂತು. ಕೀಬೋರ್ಡ್ ಬದಲಿಸಿದಳು, ಹೇಗೂ ಬಂದಾಗಿದೆಯಲ್ಲ ಎಂದು ರೂಟರಿನ ತಂತಿಯನ್ನೂ ಬಿಗಿ ಮಾಡಿ ಹೋದಳು. ಎರಡು ದಿನಕ್ಕೆ ರೂಟರಿನ ಬಾಯಿ ಕೆಟ್ಟಿತು. ರೂಟರ್ ಹೊಸದಾಯಿತು, ಪೆಟ್ಟಿಗೆಯವರೆಗೆ ಕೇಬಲ್ಲೂ ಹೊಸದಾಯಿತು. ಈಗ ಪೆಟ್ಟಿಗೆಯ ಬೆನ್ನು. ಪುಟದ ತಲೆ ಕಾಣುತ್ತದೆ, ಮೈ ಬರುವುದಿಲ್ಲ, ನಡುವೆ ಒಂದು ಚಕ್ರ ಸುಮ್ಮನೆ ಸುತ್ತುತ್ತದೆ. ದರಿದ್ರ ದೋಷ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅವಳ ಹಿಂದೆಯೇ ನಡೆದು ಬರುತ್ತಿತ್ತು.

"ಏನಮ್ಮಾ," ಒಳಗಿನ ಮಂಚದಿಂದ ರಾಜಲಕ್ಷ್ಮಮ್ಮನ ಗಂಡ ರಂಗಯ್ಯ ಗೊಣಗಿದರು. "ನೀನು ಬಂದ್ರೆ ಓಡ್ತದೆ, ಬೆನ್ ತಿರುಗ್ಸಿದ್ರೆ ನಿಂತೋಯ್ತದೆ. ಏನ್ ಮಾಟ ಮಾಡ್ಬುಟ್ಟು ಹೋಯ್ತೀಯ? ಹೆಂಗಸ್ರಿಗೆಲ್ಲ ಈ ಕೆಲ್ಸ ಕೊಟ್ರೆ ಇಂಗೇಯ."

ಹನುಮಕ್ಕನಿಗೆ ಮೈ ಉರಿಯಿತು. ಐಟಿಐ ಮುಗಿಸಿ, ಗಂಡಸರ ನಡುವೆ ಕಂಬ ಹತ್ತಿ ಕಲಿತ ಕೆಲಸ. ಬೆಳಿಗ್ಗೆಯಷ್ಟೇ ಆಫೀಸಿನ ರೇಣುಕಯ್ಯ ಫೋನಿನಲ್ಲಿ ಕೂಗಾಡಿದ್ದ: "ಐದ್ನೇ ಸಲ ಆ ಮನೆಯಿಂದ ಕಂಪ್ಲೇಂಟ್ ಬಂತಾ, ಬ್ಯಾಗು, ಐಡಿ ಕಾರ್ಡು ಟೇಬಲ್ ಮೇಲಿಟ್ಟು ಹೊಂಟೋಗ್ಬುಡು."

"ಸುಮ್ನಿರ್ರೀ," ರಾಜಲಕ್ಷ್ಮಮ್ಮ ಗಂಡನನ್ನು ಗದರಿದರು. "ಹೆಣ್ಮಕ್ಳು ಮುಂದೆ ಬರ್ಬೇಕು. ನೀನು ಮಾಡು ತಾಯಿ."

ಆ ಮುದುಕನಂಥವರನ್ನು ಹನುಮಕ್ಕ ದಿನಕ್ಕೆ ನಾಲ್ವರನ್ನು ಕಾಣುತ್ತಿದ್ದಳು. ಈ ಟೀಚರಮ್ಮನಂಥವರು ಅಪರೂಪ. ಮೊದಲ ದಿನವೇ ಊರು ಕೇಳಿದ್ದರು. ಕಳ್ಳಂಬೆಳ್ಳ ಎಂದಾಗ, ಅಲ್ಲಿ ಯಾವ ಕಡೆ ಎಂದು ಅಕ್ಕರೆಯಿಂದ ವಿಚಾರಿಸಿದ್ದರು. ಅವಳು ಹೇಳಿದ್ದಳು. ಬೇರೆ ಮನೆಗಳಲ್ಲಿ ನೀರೂ ಹುಟ್ಟದು, ಇಲ್ಲಿ ಪ್ರತಿ ಸಲವೂ ಪೇಪರ್ ಲೋಟದಲ್ಲಿ ಬಿಸಿ ಕಾಫಿ. "ಕುಡಿದ್ಮೇಲೆ ಲೋಟ ಬೀದಿ ಡಬ್ಬಕ್ಕೆ ಹಾಕ್ಬುಡಮ್ಮ, ಹೆಂಗೂ ಆ ಕಡೆನೇ ಹೋಗ್ತೀಯಲ್ಲ."

ಹನುಮಕ್ಕ ಪೆಟ್ಟಿಗೆ ಬಿಚ್ಚಿದಳು. ಕೊಳಕನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಉಜ್ಜಿ ತೆಗೆದಳು. ಬೆನ್ನಿನ ಜಾಲರಿಗೆ ಒಣಗಿದ ತುಳಸಿ ಎಲೆಯೊಂದು ಅಂಟಿತ್ತು. ಪೂಜೆಯದಿರಬೇಕು, ಮಾನಿಟರಿನ ಹಣೆಯಲ್ಲಿ ಆಯುಧಪೂಜೆಯ ಕುಂಕುಮವೂ ಇತ್ತಲ್ಲ. ಎಲೆ ಕಿತ್ತೆಸೆದು, ಹೊಸ ನೆಟ್ ಕಾರ್ಡನ್ನು ಒಳಗೆ ಕೈ ಹಾಕಿ ಕೂರಿಸಿದಳು. ಬ್ರೌಸರ್ ತೆರೆದಳು. ತಲೆ, ಮೈ, ಕಾಲು ಎಲ್ಲ ಒಟ್ಟಿಗೇ ಬಂದವು.

"ಇನ್ನು ಹಾಳಾಗಲ್ಲ ಮೇಡಂ. ಇಲಿಗೊಂದು ಬೋನು ಇಡಿ."

"ಆಗ್ಲಿ ಕಣಮ್ಮ. ನೋಡ್ಕೊಂಡು ಹೋಗು."

ಲೋಟವನ್ನು ಡಬ್ಬಕ್ಕೆ ಎಸೆದು, ಸ್ಕೂಟರ್ ಮೇಲೆ ಕೂತು ಆಫೀಸಿನ ಆ್ಯಪ್ ತೆರೆದಳು. ಕಂಪ್ಲೇಂಟ್ ಮುಚ್ಚಬೇಕಾದರೆ ದೋಷಕ್ಕೆ ಕಾರಣ ತುಂಬಬೇಕು, ಫೋಟೊ ಹಾಕಬೇಕು. ಹಿಂದಿನ ಎರಡು ಸಲವೂ ಅಂದಾಜಿನ ಮೇಲೆ 'ಇಲಿ' ಎಂದೇ ಒತ್ತಿದ್ದಳು. ಈ ಸಲ ಫೋಟೊ ತೆಗೆಯುವುದೇ ಮರೆತಿತ್ತು. ಇಳಿದು ವಾಪಸು ಬಂದಳು. ಬಾಗಿಲು ತೆರೆದೇ ಇತ್ತು.

ರಾಜಲಕ್ಷ್ಮಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಂಚಿನ ಚೊಂಬಿಗೆ ತುಳಸಿ ಕಡ್ಡಿ ಅದ್ದಿ ಅದ್ದಿ ಗಂಜಲ ಎರಚುತ್ತಿದ್ದರು. ಹನುಮಕ್ಕ ಕೂತಿದ್ದ ಕುರ್ಚಿಗೆ. ಅವಳು ಬಡಿದ ಕೀಬೋರ್ಡಿಗೆ. ಅವಳು ಸಿಕ್ಕಿಸಿದ ತಂತಿಗೆ.

"ಬುಡೇ ಅತ್ಲಾಗೆ," ಮಂಚದಿಂದ ರಂಗಯ್ಯನ ದನಿ. "ಆ ಸುಡುಗಾಡು ಮತ್ತೆ ಕೆಟ್ಟೋಯ್ತದೆ."

"ಕೆಟ್ರೆ ಬಂದು ಮಾಡ್ತಾಳೆ. ಅದ್ಕೇ ತಾನೆ ಇರೋದು ಅವ್ರು? ಕಾಲೋನಿಯೋಳು ಈ ಸಲ ಒಳಗೇ ಕೈ ಹಾಕವ್ಳೆ ಕಣ್ರೀ." ಟೀಚರಮ್ಮ ಬಗ್ಗಿ, ಪೆಟ್ಟಿಗೆಯ ಜಾಲರಿಯೊಳಕ್ಕೆ ಚೊಂಬನ್ನೇ ವಾಲಿಸಿದರು.

ಮಾನಿಟರಿನ ಮೇಲೆ ಚಕ್ರ ಸುತ್ತತೊಡಗಿತು.

ಹನುಮಕ್ಕ ಬಾಗಿಲಲ್ಲೇ ನಿಂತು ಫೋಟೊ ತೆಗೆದಳು. ಚೊಂಬು, ಕೈ, ಮುಖ ಎಲ್ಲ ಸ್ಪಷ್ಟ. ಸ್ಕೂಟರ್ ಬಳಿಗೆ ಬಂದು ಉಗಿದಳು. ಫೋಟೊ ಸೇರಿಸಿದಳು. ದೋಷಕ್ಕೆ ಕಾರಣ ಎಂಬಲ್ಲಿ 'ಇಲಿ'ಯನ್ನು ದಾಟಿ, 'ಸಿಡಿಲು' ದಾಟಿ, 'ಇತರೆ' ಒತ್ತಿ, ಒಂದೊಂದೇ ಅಕ್ಷರ ಬಡಿದಳು:

ನಾನು ಮುಟ್ಟಿದ್ದು.