ಅಧ್ಯಕ್ಷರ ಚೆಂಡು

ಶೋಭಿತಾ ಚೆಂಡು ಹಿಡಿದ ಕೈಯನ್ನು ಹಿಂದಕ್ಕೆ ಒಯ್ದಿದ್ದೇ ತಡ, ಹುಲ್ಲುಹಾಸಿನ ಆ ತುದಿಯಲ್ಲಿ ನಿಂತಿದ್ದ ಅವಳ ಜೊತೆಗಾತಿ ನಾಗರತ್ನ ಎರಡೂ ಕೈ ಆಡಿಸಿ ಕೂಗಿದಳು.

“ಬ್ಯಾಡ ಕಣಮ್ಮಿ! ಅಷ್ಟು ಜೋರು ಬ್ಯಾಡ! ಮೆಲ್ಲುಕೆ ತಂದು ಪಕ್ಕದಲ್ಲಿ ನಿಲ್ಸು, ಸಾಕು.”

ಶೋಭಿತಾ ಕೈ ಇಳಿಸಿದಳು. ಪಕ್ಕದಲ್ಲಿ ನಿಲ್ಲಿಸಿದರೆ ಸೋಲು. ಆ ತುದಿಯಲ್ಲಿ ಜಾಕ್ ಎಂಬ ಬಿಳಿಯ ಪುಟ್ಟ ಚೆಂಡಿಗೆ ಕ್ಲಬ್ಬಿನ ಅಧ್ಯಕ್ಷ ಕನಕರಾಜು ಅವರ ಕರಿ ಚೆಂಡು, ಕರುವಿನ ಪಕ್ಕ ಮಲಗಿದ ಎಮ್ಮೆಯಂತೆ ಒರಗಿಕೊಂಡಿತ್ತು. ಜಾಕ್‌ಗೆ ಯಾರ ಚೆಂಡು ಹುಲ್ಲಿನ ಮೇಲೆ ಉರುಳಿ ಹತ್ತಿರ ನಿಲ್ಲುತ್ತದೋ ಅವರಿಗೆ ಅಂಕ. ಕೊನೆಯ ಸುತ್ತು, ಎರಡೂ ಜೋಡಿ ಸಮಸಮ, ಉಳಿದಿರುವುದು ಅವಳ ಕೈಯಲ್ಲಿರುವ ಈ ಕೆಂಪು ಚೆಂಡೊಂದೇ. ಗೆದ್ದ ಜೋಡಿಯಲ್ಲಿ ಕೊನೆಗೆ ಆಡುವವರನ್ನು ಕ್ಲಬ್ಬು ರಾಜ್ಯ ತಂಡದ ಆಯ್ಕೆಗೆ ಕಳಿಸುತ್ತದೆ. ಮಳವಳ್ಳಿಯ ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ, ಬಸ್ಸಿನಲ್ಲಿ ಜೋತಾಡಿಕೊಂಡು ಮದ್ದೂರಿಗೆ ಬಂದು, ಹುಲ್ಲು ಕಾಣದಷ್ಟು ಕತ್ತಲಾಗುವವರೆಗೆ ಅವಳು ಆಡುತ್ತಿದ್ದುದು ಇದಕ್ಕೇ.

ಆದರೆ ಈ ಕ್ಲಬ್ಬಿನಲ್ಲಿ ಅಧ್ಯಕ್ಷರ ಚೆಂಡು ಜಾಕ್ ಮುಟ್ಟಿತೆಂದರೆ ಆಟ ಮುಗಿಯಿತೆಂದೇ ಲೆಕ್ಕ. ಆಮೇಲೆ ಆಡುವವರು ತಮ್ಮ ಚೆಂಡನ್ನು ಮೊಳದಷ್ಟು ದೂರದಲ್ಲಿ ಮರ್ಯಾದೆಯಿಂದ ನಿಲ್ಲಿಸಿ, ಚಪ್ಪಾಳೆ ತಟ್ಟಿ, ಕಾಫಿಗೆ ಹೊರಡುತ್ತಿದ್ದರು. ಹಾಗೆಂದು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ತಮ್ಮ ಕಬ್ಬಿನ ಗದ್ದೆಯನ್ನೇ ಸಮ ಮಾಡಿಸಿ, ಹುಲ್ಲು ಹಾಸಿ, ಊರವರು ‘ಉಂಡೆ ಕ್ಲಬ್ಬು’ ಎಂದು ಆಡಿಕೊಂಡರೂ ಜಗ್ಗದೆ, ಬಂದವರಿಗೆಲ್ಲ ಸೊಂಟ ಬಗ್ಗಿಸುವುದರಿಂದ ಹಿಡಿದು ಕಲಿಸಿದವರು ಕನಕರಾಜು. ಅಂಥವರ ಚೆಂಡನ್ನು ಹೊಡೆಯುವುದು ಹೇಗೆ? ಹೊಡೆಯದೆ ಹೊಡೆಯದೆ ಎಲ್ಲರೂ ಸೇರಿ ಅವರನ್ನು ಸೋಲಿಲ್ಲದ ಆಟಗಾರನನ್ನಾಗಿ ಮಾಡಿಬಿಟ್ಟಿದ್ದರು. ಅದು ಗೊತ್ತಿಲ್ಲದ್ದು ಅವರೊಬ್ಬರಿಗೇ.

“ಏನ್ ಮೇಡಮ್ಮೋರು ನಿಂತೇ ಅವ್ರೆ?” ಎಂದ ಮಹದೇವು. ಅವನು ಕ್ಲಬ್ಬಿನ ಕಾರ್ಯದರ್ಶಿ, ಅಧ್ಯಕ್ಷರ ಜೊತೆ ಆಡುವವನು. “ಆಗ್ಲೇ ಎರಡು ಚೆಂಡ ಜಾಕಿಂದಾಚೆ ಕಳಿಸಾಯ್ತು. ಇದನ್ನ ಸೀದಾ ಸಿಂಸಾ ಹೊಳೆಗೇ ಬುಡ್ತೀರೇನೋ!”

ಬೆಂಚಿನ ಮೇಲಿದ್ದವರು ನಕ್ಕರು. ನಗಲಿ. ಆ ಎರಡು ಚೆಂಡು ಜಾಕ್ ದಾಟಿ ಹಿಂದೆ ನಿಂತದ್ದು ಅಳತೆ ತಪ್ಪಿ ಅಲ್ಲ. ಅಧ್ಯಕ್ಷರು ಜಾಕ್ ಹತ್ತಿರ ಬಂದು ಕೂತೇ ಕೂರುತ್ತಾರೆಂದು ಅವಳಿಗೆ ಗೊತ್ತಿತ್ತು. ಆಗ ಜಾಕನ್ನೇ ಅಲ್ಲಿಂದ ಎಬ್ಬಿಸಿ ಹಿಂದಕ್ಕೆ ಕಳಿಸಬೇಕು. ಹೋದ ಕಡೆ ತನ್ನ ಆ ಎರಡು ಚೆಂಡು ಕಾದಿರಬೇಕು.

ಈ ಆಟದ ಚೆಂಡಿಗೆ ಒಂದು ಪಕ್ಕಕ್ಕೆ ವಾಲುವ ಚಾಳಿ. ಮೆಲ್ಲಗೆ ಬಿಟ್ಟರೆ ಕುಡುಗೋಲಿನಂತೆ ಬಾಗಿಕೊಂಡು ಹೋಗುತ್ತದೆ. ಜೋರಾಗಿ ಬಿಟ್ಟರೆ ಬಾಗಲು ಅದಕ್ಕೆ ಪುರುಸೊತ್ತು ಸಿಗುವುದಿಲ್ಲ.

ಶೋಭಿತಾ ಪುರುಸೊತ್ತು ಕೊಡಲಿಲ್ಲ.

ಟಕ್ ಎಂದಿತು. ಕರಿ ಚೆಂಡು ಪಕ್ಕಕ್ಕೆ ಸಿಡಿದು, ಹುಲ್ಲಿನ ಅಂಚು ದಾಟಿ, ಸುತ್ತಲಿನ ಚರಂಡಿಗೆ ಬಿತ್ತು. ಜಾಕ್ ದಿಕ್ಕೆಟ್ಟಂತೆ ಹಿಂದಕ್ಕೆ ಉರುಳಿ ಎರಡು ಕೆಂಪು ಚೆಂಡುಗಳ ನಡುವೆ ಹೋಗಿ ನಿಂತಿತು. ಚಪ್ಪಾಳೆ ಬರಲಿಲ್ಲ.

“ಎರಡು ಅಂಕ ನಮ್ದು,” ಎಂದಳು ನಾಗರತ್ನ. ಹೇಳಿದ ಮೇಲೆ ತನ್ನ ದನಿಗೆ ತಾನೇ ಹೆದರಿದವಳಂತೆ ಹಿಂದೆ ಸರಿದಳು.

“ಏನ್ ಮಾಡ್ಬುಟ್ರಿ ಮೇಡಮ್ಮೋರೇ! ಯಾರ ಚೆಂಡು ಅಂತ ಕಾಣಾಕಿಲ್ವಾ ನಿಮ್ಗೆ?”

“ಕಾಣ್ದೆ ಇದ್ದಿದ್ರೆ ತಗಲ್ತಿತ್ತಾ ಮಹದೇವು?”

ಕನಕರಾಜು ಯಾರನ್ನೂ ಕರೆಯದೆ ತಾವೇ ಚರಂಡಿಗೆ ಇಳಿದು ಚೆಂಡು ಎತ್ತಿಕೊಂಡರು. ಹೆಗಲ ಟವೆಲ್ಲಿನಿಂದ ಅದನ್ನು ಒರೆಸುತ್ತ ಜಾಕ್ ಕಡೆ ನೋಡಿದರು, ಆಮೇಲೆ ಬೆಂಚಿನ ಕಡೆ. ಅಲ್ಲಿ ಒಬ್ಬರೂ ಅವರ ಮುಖ ನೋಡಲಿಲ್ಲ. ಅವರು ಅದನ್ನು ಗಮನಿಸಿದರು. ಚೆಂಡು ಒರೆಸಿ ಶುಭ್ರವಾದ ಮೇಲೂ ಒರೆಸುತ್ತಲೇ ಶೋಭಿತಾಳ ಹತ್ತಿರ ನಡೆದು ಬಂದರು.

“ಮಗಾ, ಈ ಹುಲ್ಲಿನ ಮ್ಯಾಲೆ ನನ್ನ ಚೆಂಡ ಹಿಂಗೆ ಎಬ್ಬಿಸ್ದೋರು ಯಾರೂ ಇಲ್ಲ.”

“ಎಬ್ಬಿಸೋಕೆ ಯಾರೂ ನೋಡ್ಲೇ ಇಲ್ಲ ಸಾರ್.”

ಟವೆಲ್ಲು ನಿಂತಿತು. ಅವರು ಮತ್ತೊಮ್ಮೆ ಬೆಂಚಿನ ಕಡೆ ತಿರುಗಲು ಹೋಗಿ, ತಿರುಗದೆ, ಅವಳಿಗಷ್ಟೇ ಕೇಳುವಂತೆ ಹೇಳಿದರು.

“ಕೈ ಜಾರ್ತು ಅಂದ್ಬುಡು. ಈ ಸುತ್ತು ಇನ್ನೊಂದ್ಸಲ ಆಡವ. ನೀನು ಸೋತ್ರೂ ಸರಿಯೇ, ಆಯ್ಕೆಗೆ ನಿನ್ ಹೆಸ್ರೇ ಕಳಿಸ್ತೀನಿ. ನನ್ ಕಾರಲ್ಲೇ ಕರ್ಕೊಂಡೋಯ್ತೀನಿ. ಜಾರ್ತು ಅನ್ನು, ಅಷ್ಟೇಯ.”

“ಅನ್ನದೆ ಇದ್ರೆ?”

“ಹೆಸ್ರು ಕಳಿಸೋನು ನಾನೇ ಅಲ್ವಾ ಮಗಾ.”

ಅದು ಬೆದರಿಕೆಯೇ ಆಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವರು ಬೇಡುತ್ತಿದ್ದರು. ಮೊದಲ ದಿನ ಅವಳ ಬೆರಳುಗಳನ್ನು ಒಂದೊಂದಾಗಿ ಚೆಂಡಿನ ಮೇಲೆ ಕೂರಿಸಿ, ‘ಹೆದ್ರಬ್ಯಾಡ, ಬುಡು’ ಎಂದಿದ್ದ ಮನುಷ್ಯ ಈಗ ಒಂದು ಸುಳ್ಳಿಗಾಗಿ ಅವಳೆದುರು ಕಣ್ಣು ಅಗಲಿಸಿ ನಿಂತಿದ್ದರು. ಆ ಒಂದು ಮಾತಾಡಿದರೆ ಸಾಕು, ಇಬ್ಬರಿಗೂ ಬೇಕಾದ್ದು ಸಿಗುತ್ತಿತ್ತು. ಮಾತು ಕೇಳಿಸದಿದ್ದರೂ ನಾಗರತ್ನ ಆ ತುದಿಯಿಂದ ಹೂಂ ಅನ್ನು ಎಂಬಂತೆ ತಲೆ ಆಡಿಸುತ್ತಿದ್ದಳು.

“ಜಾರ್ಲಿಲ್ಲ ಸಾರ್,” ಎಂದಳು ಶೋಭಿತಾ, ಬೆಂಚಿನವರಿಗೂ ಕೇಳುವಂತೆ. “ನೋಡ್ಕೊಂಡೇ ಚೆಂಡು ಬಿಟ್ಟೆ. ಇನ್ನೊಂದ್ಸಲ ಕೊಟ್ರೂ ಅಲ್ಲಿಗೇ ಬಿಡ್ತೀನಿ.”